ತಣ್ಣೀರಿನ ಪಾಠ

ಬಿಜ್ಜರಗಿ
೩ ಜುಲೈ ೧೯೬೦

ಪೂಜ್ಯ ಆನಂದೀಬಾಯಿಯವರಿಗೆ ಹೀರಾಬಾಯಿಯ ನಮಸ್ಕಾರಗಳು.

ತರಬೇತಿ ಶಾಲೆ ಬಿಡುವಾಗ, ಹಳ್ಳಿಗೆ ಹೋದ ವಾರದೊಳಗೆ ಪತ್ರ ಬರೆ ಎಂದಿದ್ದಿರಿ. ತಿಂಗಳಾಗುತ್ತ ಬಂತು, ಸಿಟ್ಟಾಗಬೇಡಿ. ಶಾಲೆ ಚೆನ್ನಾಗಿದೆ. ಎರಡು ಕೋಣೆ, ಮುಂದೊಂದು ಪಡಸಾಲೆ, ಮೇಲೆ ತಗಡು. ಹೆಡ್‌ಮಾಸ್ತರರು ಭಾಗಪ್ಪನವರು, ಸಾಧು ಮನುಷ್ಯ. ನನಗೆ ಐದನೆಯ ಇಯತ್ತೆ ಕೊಟ್ಟಿದ್ದಾರೆ. ಅಪ್ಪನಿಗೆ ಖುಷಿಯೋ ಖುಷಿ. ವಿಜಾಪುರ ಸ್ಟೇಶನ್ನಿನ ಮಾಲುಗಾಡಿಯ ಹಮಾಲರಿಗೆಲ್ಲ "ಅಂಬಾದಾಸನ ಮಗಳು ಮಾಸ್ತರತಿ ಆಗ್ಯಾಳ" ಎಂದು ಹೇಳಿಕೊಂಡು ತಿರುಗುತ್ತಿದ್ದಾರಂತೆ.

ಊರಿನವರು ಬಂದ ದಿನವೇ ಕೇಳಿದರು. "ನಿಮ್ಮ ಮಂದಿ ಯಾರ್ರಿ ಅಕ್ಕಾರ?"

"ಬೌದ್ಧರು" ಅಂದೆ.

"ಹಂಗಂದ್ರ?"

ನಾಲ್ಕು ವರ್ಷದ ಹಿಂದೆ ನಮ್ಮ ಓಣಿಯವರೆಲ್ಲ ದೀಕ್ಷೆ ತೆಗೆದುಕೊಂಡದ್ದನ್ನು ಹೇಳಿದೆ. ಆಮೇಲೆ ಯಾರೂ ಏನೂ ಕೇಳಲಿಲ್ಲ. ಇರಲು ಊರ ಹೊರಗೆ ಪರಸವ್ವ ಎಂಬವರ ಮನೆಯಲ್ಲಿ ಒಂದು ಕೋಣೆ ಸಿಕ್ಕಿದೆ. ನಮ್ಮವರೇ.

ಶಾಲೆಯ ತಗಡಿನಲ್ಲಿ ಮೊಳೆ ಕಿತ್ತು ಮೂರು ಮೂಲೆಯ ತೂತು ಬಿದ್ದಿದೆ. ಅದರಿಂದ ಇಳಿಯುವ ಬಿಸಿಲು ನೆಲದ ಮೇಲೆ ದುಂಡಗೆ ಬೀಳುತ್ತದೆ. ಯಾಕೆ ಎಂದು ಮಕ್ಕಳನ್ನು ಕೇಳಿದೆ. ರೇಣವ್ವ ಎಂಬ ಹುಡುಗಿ ಎದ್ದು ನಿಂತು, "ಅಷ್ಟ ದೂರದಿಂದ ಬೀಳೂವಾಗ ಮೂಲಿ ಸವೀತಾವ್ರಿ" ಎಂದಳು. ರಟ್ಟಿನಲ್ಲಿ ಚೌಕದ ಸಣ್ಣ ತೂತು, ಸೀಳಿನಂಥ ಸಣ್ಣ ತೂತು ಕೊರೆದು ತೋರಿಸಿದೆ. ಎಲ್ಲವೂ ದುಂಡಗೇ ಬಿದ್ದವು. ಅದು ತೂತಿನ ಆಕಾರವಲ್ಲ, ಸೂರ್ಯನದೇ ಚಿತ್ರ ಎಂದಾಗ ರೇಣವ್ವ ಓಡಿ ಹೋಗಿ ಆ ಬೆಳಕಿಗೆ ಕೈ ಒಡ್ಡಿದಳು. ಪಾಠ ಮುಗಿದರೂ ಕೈ ತೆಗೆಯಲಿಲ್ಲ.

ನಿಮ್ಮ ವಿದ್ಯಾರ್ಥಿನಿ
ಹೀರಾಬಾಯಿ


ವಿಜಾಪುರ
೧೪ ಜುಲೈ ೧೯೬೦

ಚಿ. ಹೀರಾಬಾಯಿಗೆ ಆಶೀರ್ವಾದ.

"ಮೂಲೆ ಸವೆಯುತ್ತವೆ" ಎಂಬುದು ತಪ್ಪು ಉತ್ತರ. ಆದರೆ ತಲೆ ಓಡಿಸಿ ಹೇಳಿದ ತಪ್ಪು. ಅಂಥ ಹುಡುಗಿಯನ್ನು ಮುಂದಿನ ಸಾಲಿನಲ್ಲಿ ಕೂರಿಸು.

ಒಂದು ಸುದ್ದಿ. ಐದನೆಯ ಇಯತ್ತೆಗೆ ಹೊಸ ವಿಜ್ಞಾನದ ಪುಸ್ತಕ ಬರೆಸಲು ಒಂದು ಸಮಿತಿ ಮಾಡಿದ್ದಾರೆ, ಅದರಲ್ಲಿ ನನ್ನನ್ನೂ ಹಾಕಿದ್ದಾರೆ. ಉಳಿದವರೆಲ್ಲ ಗಂಡಸರು. ಗಿಡ, ಪ್ರಾಣಿ, ನಕ್ಷತ್ರ ಎಲ್ಲ ಅವರು ಹಂಚಿಕೊಂಡರು. ಉಷ್ಣ, ಬೆಳಕು, ಶಬ್ದ, ಅಲೆ ನನ್ನ ಪಾಲಿಗೆ ಬಂದವು. ಹಳೆಯ ಪುಸ್ತಕ ನೀನೂ ಓದಿದ್ದಿ. ಮಂಜುಗಡ್ಡೆ ಕಟ್ಟಿದ ಕೆರೆಯ ಮೇಲೆ ಹುಡುಗರು ಜಾರುತ್ತಿರುತ್ತಾರೆ. ವಿಜಾಪುರ ಜಿಲ್ಲೆಯ ಮಗು ಅದನ್ನು ಎಲ್ಲಿ ನೋಡಬೇಕು? ಇನ್ನು ನನ್ನ ಅಣ್ಣ ಗುರುರಾಜ, ಗೋಳಗುಮ್ಮಟದ ಪ್ರತಿಧ್ವನಿ ಬರೆ ಎನ್ನುತ್ತಾನೆ. ಗುಮ್ಮಟವಿಲ್ಲದ ಊರಿನ ಮಗು ಏನು ಮಾಡಬೇಕು?

ಆದ್ದರಿಂದ ನಾನು ಬರೆಯುವ ಪ್ರತಿಯೊಂದು ಪ್ರಯೋಗವನ್ನೂ ಮೊದಲು ನೀನು ನಿನ್ನ ತರಗತಿಯಲ್ಲಿ ಮಾಡಿ ನೋಡಬೇಕು. ನಡೆದರೆ ಪುಸ್ತಕಕ್ಕೆ, ಇಲ್ಲದಿದ್ದರೆ ಒಲೆಗೆ. ಮೊದಲು ಅಲೆಯ ಪಾಠ: ಮಕ್ಕಳನ್ನು ಊರ ಬಾವಿಗೆ ಕರೆದುಕೊಂಡು ಹೋಗು, ನೀರಿನ ಮೇಲೆ ಬೇವಿನ ಎಲೆ ಬಿಡು, ಕಲ್ಲು ಹಾಕು. ಅಲೆ ದಂಡೆಗೆ ಬರುತ್ತದೆ, ಎಲೆ ಬರುತ್ತದೆಯೇ?

ಬೌದ್ಧರು ಎಂದರೆ ಯಾರೆಂದು ಊರಿನವರಿಗೆ ಹೇಳಿದ್ದು ಒಳ್ಳೆಯದಾಯಿತು. ಅವರಿಗೂ ಒಂದು ಇತಿಹಾಸದ ಪಾಠವಾಯಿತು.

ಆನಂದೀಬಾಯಿ


ಬಿಜ್ಜರಗಿ
೯ ಅಕ್ಟೋಬರ್ ೧೯೬೦

ಪೂಜ್ಯ ಬಾಯಿಯವರಿಗೆ ನಮಸ್ಕಾರಗಳು.

ಅಲೆಯ ಪಾಠ ಆಯಿತು. ಬಾವಿಗೆ ಹೋಗಲಿಲ್ಲ, ಹಳ್ಳದ ಮಡುವಿಗೆ ಹೋದೆವು. ಅಲ್ಲಿ ಎಲ್ಲರೂ ನೀರಿನ ಹತ್ತಿರ ನಿಲ್ಲಬಹುದು. ಮಳೆಯಾಗಿ ಮಡು ತುಂಬಿತ್ತು.

ಎಲೆ ಇದ್ದಲ್ಲೇ ಏರಿ ಇಳಿಯಿತು, ದಂಡೆಗೆ ಬರಲಿಲ್ಲ. ರೇಣವ್ವ ಬಿಡಲಿಲ್ಲ. "ಎಲಿ ಬರಲಿಲ್ಲ, ನೀರೂ ಬರಲಿಲ್ಲಂತೀರಿ. ಹಂಗಾರ ದಂಡಿಗಿ ಬಂದದ್ದ ಏನ್ರಿ?" ಬಾಯಿಮಾತಿನಲ್ಲಿ ಹೇಳಿದರೆ ತಿಳಿಯಲಿಲ್ಲ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಮೊದಲಿನವನಿಗೆ ಮುಂದಿನವನ ಬೆನ್ನು ಮೆಲ್ಲಗೆ ನೂಕಲು ಹೇಳಿದೆ. ನೂಕು ಒಬ್ಬರಿಂದ ಒಬ್ಬರಿಗೆ ಹೋಗಿ, ಕೊನೆಯಲ್ಲಿದ್ದ ಇಸಾಕ ದೊಪ್ಪನೆ ಮಡುವಿನಲ್ಲಿ ಬಿದ್ದ. ಉಳಿದವರೆಲ್ಲ ಇದ್ದಲ್ಲೇ ಇದ್ದರು. ಬಂದದ್ದು ನೂಕು, ಅಂದರೆ ಶಕ್ತಿ, ಎಂದಾಗ ಎಲ್ಲರಿಗೂ ತಿಳಿಯಿತು. ಇಸಾಕನಿಗಂತೂ ಚೆನ್ನಾಗಿ ತಿಳಿಯಿತು. ನಾನು ಸಾಲಿನಲ್ಲಿ ಸೇರದೆ ದೂರ ನಿಂತು ಹೇಳಿದೆ.

ಹೀರಾಬಾಯಿ


ವಿಜಾಪುರ
೨ ನವೆಂಬರ್ ೧೯೬೦

ಚಿ. ಹೀರಾಬಾಯಿಗೆ ಆಶೀರ್ವಾದ.

ಇಸಾಕನ ಪ್ರಸಂಗ ಓದಿ ನಾನೂ ಅಣ್ಣನೂ ನಕ್ಕು ನಕ್ಕು ಸಾಕಾದೆವು. ಸಾಲಿನ ಪ್ರಯೋಗ ಪುಸ್ತಕಕ್ಕೆ ಸೇರಿತು. ಮಡುವನ್ನು ಬಿಟ್ಟು ಬಯಲಿನಲ್ಲಿ ಮಾಡಿರೆಂದು ಬರೆದಿದ್ದೇನೆ. ಬಾವಿಗೆ ಹೋಗದ್ದು ನಿನ್ನ ಜಾಣತನ. ಹಳ್ಳಿಯ ಬಾವಿಗಳಿಗೆ ಕಟ್ಟೆ ಇರುವುದಿಲ್ಲ, ಮಕ್ಕಳು ಜಾರಿಯಾರು. ನನಗೇ ಹೊಳೆಯಬೇಕಿತ್ತು. ನೀನು ಸಾಲಿನಿಂದ ದೂರ ನಿಂತದ್ದೂ ಸರಿ, ಶಿಕ್ಷಕರು ಗಾಂಭೀರ್ಯ ಬಿಡಬಾರದು.

ಉಷ್ಣದ ಅಧ್ಯಾಯವನ್ನು ಮಣ್ಣಿನ ಹರವಿಯಿಂದ ಶುರುಮಾಡಿದ್ದೇನೆ. ನಮ್ಮ ಕಡೆ ಬೇಸಿಗೆಯಲ್ಲಿ ಅದಕ್ಕಿಂತ ದೊಡ್ಡ ಪವಾಡ ಇನ್ನೊಂದಿಲ್ಲ. ಬೆಂಕಿಯಂಥ ಗಾಳಿ ಬೀಸುತ್ತಿರುತ್ತದೆ, ಒಳಗೆ ತಣ್ಣನೆಯ ನೀರು. ನೀರು ಹರವಿಯ ಮೈಯಿಂದ ಜಿನುಗಿ ಆವಿಯಾಗುತ್ತದೆ. ಆವಿಯಾಗಲು ಬೇಕಾದ ಶಾಖವನ್ನು ಒಳಗೆ ಉಳಿದ ನೀರಿನಿಂದಲೇ ಕಿತ್ತುಕೊಳ್ಳುತ್ತದೆ. ಗಾಳಿ ಒಣಗಿದಷ್ಟೂ ನೀರು ತಂಪು. ಪಕ್ಕಕ್ಕೆ ಹಿತ್ತಾಳೆಯ ಕೊಡ ಇಟ್ಟರೆ ಹೋಲಿಕೆಗೂ ಆಯಿತು, ಹಿತ್ತಾಳೆ ಜಿನುಗುವುದಿಲ್ಲವಲ್ಲ. ಮಕ್ಕಳು ಎರಡನ್ನೂ ಕುಡಿದು ನೋಡಲಿ.

ಉಷ್ಣಮಾಪಕವೊಂದನ್ನು ಅರಳೆಯಲ್ಲಿ ಸುತ್ತಿ ಬಸ್ಸಿನ ಡ್ರೈವರ್ ಬುಡ್ಡೇಸಾಬನ ಕೈಯಲ್ಲಿ ಕೊಟ್ಟಿದ್ದೇನೆ. "ಮಗಾ ಅಂತ ಹಿಡಕೊಂಡ ಒಯ್ತೀನ್ರಿ ಬಾಯಾರ" ಎಂದಿದ್ದಾನೆ.

ಆನಂದೀಬಾಯಿ


ಬಿಜ್ಜರಗಿ
೨೨ ಜನವರಿ ೧೯೬೧

ಪೂಜ್ಯ ಬಾಯಿಯವರಿಗೆ ನಮಸ್ಕಾರಗಳು.

ಉಷ್ಣಮಾಪಕ ಸುರಕ್ಷಿತವಾಗಿ ಬಂತು. ಬುಡ್ಡೇಸಾಬರು ತಿಕೋಟಾದಲ್ಲಿ ಚಹಾ ಕುಡಿಯಲೂ ಕೆಳಗೆ ಇಳಿಯಲಿಲ್ಲವಂತೆ.

ಶಬ್ದದ ಪಾಠ ಮುಗಿಸಿದೆ. ಕಡ್ಡಿಪೆಟ್ಟಿಗೆಗಳಿಗೆ ದಾರ ಕಟ್ಟಿ ಹೊಲದ ಆ ಬದಿಯಿಂದ ಈ ಬದಿಗೆ ಮಾತಾಡಿದೆವು. ದಾರ ಬಿಗಿಯಾಗಿದ್ದರೆ ಕೇಳುತ್ತದೆ, ಸಡಿಲಾದರೆ ಇಲ್ಲ. ಮಕ್ಕಳು ಮನೆಯ ಗುಟ್ಟುಗಳನ್ನೆಲ್ಲ ದಾರದಲ್ಲಿ ಹರಿಬಿಟ್ಟರು.

ಹರವಿಯ ಪಾಠದ ಬಗ್ಗೆ ಒಂದು ಮಾತು. ಅದನ್ನು ತರಗತಿಯಲ್ಲಿ ಮಾಡದೆ, ನಿಮ್ಮ ನಿಮ್ಮ ಮನೆಯಲ್ಲಿ ನೋಡಿಕೊಂಡು ಬನ್ನಿ ಎಂದು ಮಕ್ಕಳಿಗೆ ಹೇಳಿದರೆ ನಡೆಯುವುದೇ? ಇಲ್ಲವಾದರೆ ಚಳಿ ಇರುವಾಗಲೇ ಮುಗಿಸಿಬಿಡಲೇ?

ಹೀರಾಬಾಯಿ


ವಿಜಾಪುರ
೬ ಫೆಬ್ರುವರಿ ೧೯೬೧

ಚಿ. ಹೀರಾಬಾಯಿಗೆ,

ನಡೆಯುವುದಿಲ್ಲ. ಚಳಿಯಲ್ಲಿ ತಣ್ಣೀರು ಯಾರಿಗೆ ಬೇಕು? ಮನೆಯಲ್ಲಿ ನೋಡಿಕೊಂಡು ಬಾ ಎಂದರೆ ಅದು ಪಾಠವೇ? ಶಾಲೆಯ ಮೂಲೆಯಲ್ಲಿ ನೀರಿನ ಹರವಿ ಇದ್ದೇ ಇರುತ್ತದೆ. ಮಕ್ಕಳನ್ನು ಅದರ ಮುಂದೆ ನಿಲ್ಲಿಸಿ, ತಂಬಿಗೆ ಅದ್ದಿ ಕೊಡು. ಇಡೀ ಪುಸ್ತಕದಲ್ಲಿ ಇಷ್ಟು ಸುಲಭದ ಪ್ರಯೋಗ ಇನ್ನೊಂದಿಲ್ಲ. ನೀನು ಆಲಸ್ಯ ಮಾಡುವವಳಲ್ಲ ಎಂದು ತಿಳಿದಿದ್ದೇನೆ.

ಆನಂದೀಬಾಯಿ


ಬಿಜ್ಜರಗಿ
೧೯ ಮಾರ್ಚ್ ೧೯೬೧

ಪೂಜ್ಯ ಬಾಯಿಯವರಿಗೆ ನಮಸ್ಕಾರಗಳು.

ಹರವಿಯ ಪಾಠ ಮಾಡಿದೆ. ಪಡಸಾಲೆಯಲ್ಲಿ, ಗಾಳಿ ಬರುವ ಕಡೆ. ಹಿತ್ತಾಳೆ ಕೊಡದ ನೀರು ತೊಂಬತ್ತೆಂಟು ಡಿಗ್ರಿ, ಹರವಿಯ ನೀರು ಎಂಬತ್ತೊಂದು. ಫ್ಯಾರನ್‌ಹೀಟ್. ಮಕ್ಕಳೇ ಓದಿ ಹೇಳಿದರು.

ಹೀರಾಬಾಯಿ


ವಿಜಾಪುರ
೨೫ ಮಾರ್ಚ್ ೧೯೬೧

ಚಿ. ಹೀರಾಬಾಯಿಗೆ ಆಶೀರ್ವಾದ.

ಅಂಕಿಗಳು ಬಹಳ ಚೆನ್ನಾಗಿವೆ. ಆದರೆ ನನಗೆ ಬೇಕಾದದ್ದು ಅವಲ್ಲ. ಹತ್ತು ವರ್ಷದ ಮಗು ಗಾಜಿನ ಕಡ್ಡಿಯನ್ನು ನಂಬುವುದಿಲ್ಲ, ತನ್ನ ನಾಲಿಗೆಯನ್ನು ನಂಬುತ್ತದೆ. ಮಕ್ಕಳು ಕುಡಿದಾಗ ಏನಂದರು? ರೇಣವ್ವ ಏನಂದಳು? ಅದನ್ನೇ ನೀನು ಬರೆದಿಲ್ಲ. ಉಷ್ಣಮಾಪಕ ಕಳಿಸಿದ್ದೇ ತಪ್ಪಾಯಿತೇನೋ, ಅದರ ಹಿಂದೆ ಅಡಗಿ ಪಾಠ ಮುಗಿಸಿಬಿಟ್ಟೆ. ಬೇಸಿಗೆ ರಜೆ ಬರುವುದರೊಳಗೆ ಇನ್ನೊಮ್ಮೆ ಮಾಡಿ ಬರೆ.

ಆನಂದೀಬಾಯಿ


ವಿಜಾಪುರ
೨೦ ಜೂನ್ ೧೯೬೧

ಕು. ಹೀರಾಬಾಯಿ ಅಂಬಾದಾಸ ಇವರಿಗೆ,

ಮಾರ್ಚಿನಿಂದ ಉತ್ತರವಿಲ್ಲ. ಬಿಜ್ಜರಗಿ ಬಿಟ್ಟು ಬಬಲೇಶ್ವರದ ಕಡೆ, ಸಾರವಾಡಕ್ಕೆ ವರ್ಗ ಮಾಡಿಸಿಕೊಂಡಿದ್ದೀರೆಂದು ಕಚೇರಿಯಲ್ಲಿ ತಿಳಿಯಿತು. ಒಂದೇ ವರ್ಷಕ್ಕೆ ಊರು ಬೇಸರ ಬರುವುದಾದರೆ ಶಿಕ್ಷಕರ ಕೆಲಸಕ್ಕೆ ಬರಬಾರದಿತ್ತು. ನನ್ನ ಅಧ್ಯಾಯ ಅರ್ಧಕ್ಕೇ ನಿಂತಿದೆ. ಮುಂದುವರಿಸುವ ಮನಸ್ಸಿಲ್ಲದಿದ್ದರೆ ಹಾಗೆಂದು ಒಂದು ಸಾಲು ಬರೆದು, ಉಷ್ಣಮಾಪಕವನ್ನು ಈಗ ಆ ಕಡೆಗೂ ಬಸ್ಸು ಒಯ್ಯುವ ಬುಡ್ಡೇಸಾಬನ ಕೈಯಲ್ಲಿ ಕಳಿಸಿರಿ.

ಆನಂದೀಬಾಯಿ


ಸಾರವಾಡ
೧೬ ಜುಲೈ ೧೯೬೧

ಪೂಜ್ಯ ಬಾಯಿಯವರಿಗೆ ನಮಸ್ಕಾರಗಳು.

ವರ್ಗ ನಾನು ಕೇಳಿದ್ದಲ್ಲ. ನನ್ನ ಒಳ್ಳೆಯದಕ್ಕೆಂದು ಭಾಗಪ್ಪನವರೇ ಕಚೇರಿಗೆ ಕೇಳಿಕೊಂಡರು.

ಬಿಜ್ಜರಗಿ ಶಾಲೆಯ ಹರವಿಯನ್ನು ನಾನು ಒಂದು ದಿನವೂ ಮುಟ್ಟಿಲ್ಲ. ಅದನ್ನು ತುಂಬುತ್ತಿದ್ದವಳು ಸೀತವ್ವ, ರೇಣವ್ವನ ತಾಯಿ. ನನಗೆ ನೀರು ಬೇಕಾದರೆ ಅವಳು ಮೇಲಿನಿಂದ ಹಾಕುತ್ತಿದ್ದಳು, ನಾನು ಬೊಗಸೆ ಒಡ್ಡುತ್ತಿದ್ದೆ. ಅವಳು ಬಾರದ ದಿನ ಶಾಲೆ ಬಿಡುವತನಕ ನೀರಿಲ್ಲ. ಊರ ಬಾವಿಯದೂ ಅದೇ. ಕಟ್ಟೆ ಇತ್ತು, ಗಟ್ಟಿಯಾಗಿಯೇ ಇತ್ತು. ನಾನು ಅದರ ಹತ್ತಿರ ಹೋಗುವಂತಿರಲಿಲ್ಲ.

ಇದನ್ನೆಲ್ಲ ನಿಮಗೆ ಬರೆಯಬಾರದು ಎಂದುಕೊಂಡಿದ್ದೆ. ನಿಮ್ಮ ಪತ್ರಗಳಲ್ಲಿ ನಾನು ಬರೀ ವಿಜ್ಞಾನದ ಶಿಕ್ಷಕಿಯಾಗಿದ್ದೆ. ಬೇರೆಲ್ಲೂ ಹಾಗಿರಲಿಲ್ಲ. ಆ ಒಂದು ಜಾಗ ಹಾಗೇ ಇರಲಿ ಎನ್ನಿಸುತ್ತಿತ್ತು.

ನೀವು ಆಲಸ್ಯ ಎಂದು ಬರೆದಾಗ ಸಹಿಸಲಾಗಲಿಲ್ಲ. ತಿಕೋಟಾ ಸಂತೆಗೆ ಹೋಗಿ ನನ್ನದೇ ಒಂದು ಹರವಿ ಕೊಂಡೆ. ಪರಸವ್ವನ ಮನೆಯ ಹಿತ್ತಾಳೆ ಕೊಡ ತಂದೆ. ಎರಡಕ್ಕೂ ನಾನೇ ಅವರ ಮನೆಯ ನೀರು ತುಂಬಿದೆ. ಉಷ್ಣಮಾಪಕ ಇತ್ತಲ್ಲ, ಯಾರೂ ಮುಟ್ಟಬೇಕಾಗಿರಲಿಲ್ಲ, ಕುಡಿಯಬೇಕಾಗಿರಲಿಲ್ಲ. ಹೌದು, ನಾನು ಅದರ ಹಿಂದೆ ಅಡಗಿದೆ. ಮಕ್ಕಳು ಅಂಕಿ ಓದಿದರು, ಬರೆದುಕೊಂಡರು. ಪಾಠ ಮುಗಿಯುತ್ತ ಬಂದಿತ್ತು. ಆಗ ರೇಣವ್ವ ಎದ್ದಳು.

"ಕಾಜಿನ ಕಡ್ಡಿ ಖರೇ ಹೇಳತೈತಿ ಅಂತ ಹೆಂಗ ತಿಳೀಬೇಕ್ರಿ ಅಕ್ಕಾರ?"

"ಅದು ಸುಳ್ಳ ಹೇಳಾಂಗಿಲ್ಲ ಬೇ" ಅಂದೆ.

"ತಡೀರಿ, ನಾ ನೋಡತೀನಿ" ಎಂದವಳೇ ಬಂದು ಹರವಿಯಲ್ಲಿ ತಂಬಿಗೆ ಅದ್ದಿ ಗಟಗಟ ಕುಡಿದಳು. ಬಾಯಿ ಒರೆಸಿಕೊಂಡು ಎಲ್ಲರ ಕಡೆ ತಿರುಗಿ, "ಖರೇನ ಐತಿ. ಹಲ್ಲ ಜುಮ್ ಅಂತಾವ" ಎಂದಳು. ಅವಳನ್ನು ತಡೆಯಲು ನನ್ನ ಕೈ ಮುಂದೆ ಹೋಗಿತ್ತು. ಮುಟ್ಟಿ ತಡೆಯುವಂತೆಯೂ ಇರಲಿಲ್ಲ.

ಸಂಜೆ ಸೀತವ್ವ ಅವಳನ್ನು ಬಾವಿಯ ಮುಂದೆ ನಿಲ್ಲಿಸಿ ನಾಲ್ಕು ಮಂದಿಗೆ ಕಾಣುವಂತೆ ತಲೆಯ ಮೇಲೆ ಕೊಡ ಸುರಿದಳಂತೆ. ಮರುದಿನ ಅರ್ಧ ತರಗತಿ ಖಾಲಿ. ಭಾಗಪ್ಪನವರು ನನ್ನನ್ನು ಹೊರಗೆ ಕರೆದರು.

"ಒಂದ ಮಾತ ಹೇಳ್ರಿ ಅಕ್ಕಾರ. ಆ ಹರವಿ ಸೀತವ್ವ ತುಂಬಿದ್ಲು ಅಂತ. ಊರ ತಣ್ಣಗಾಗತೈತಿ."

"ನಾ ತುಂಬೀನ್ರಿ."

"ಯಾರ ನೋಡ್ಯಾರ್ರಿ?"

"ಮಕ್ಕಳ ನೋಡ್ಯಾರ್ರಿ. ಕಂಡದ್ದನ್ನ ಕಂಡಂಗ ಬರೀರಿ ಅಂತ ಅವರಿಗೆ ನಾನ ಹೇಳೀನಿ. ನಾಳೆ ಅವರ ಮುಂದ ನಿಂತ ಏನ ಕಲಸಲ್ರಿ?"

ಅವರು ತಲೆಗೆ ಕೈ ಹಚ್ಚಿ ಕುಳಿತರು. ಕೆಟ್ಟವರಲ್ಲ, ಅಂಜುವವರು. ಪರೀಕ್ಷೆಯ ಹೊತ್ತಿಗೆ ಕೆಲವು ಮಕ್ಕಳು ಬಂದರು, ಕೆಲವರನ್ನು ಹೊನವಾಡದ ಶಾಲೆಗೆ ಹಾಕಿದರು. ರೇಣವ್ವ ಎರಡೂ ಕಡೆ ಹೋಗಲಿಲ್ಲ.

ನಾನು ಊರು ಬಿಡುವ ದಿನ ಬಸ್ಸಿಗೆ ಕಾಯುತ್ತಿದ್ದೆ. ಅವಳು ಎಲ್ಲಿಂದಲೋ ಓಡಿ ಬಂದು ಸ್ವಲ್ಪ ದೂರದಲ್ಲಿ ನಿಂತಳು. "ಅಕ್ಕಾರ, ನಮ್ಮನಿ ಹರವಿಗಿ ಹಸಿ ಅರಬಿ ಸುತ್ತೇನ್ರಿ. ಇನ್ನಾ ತಂಪ ಆಗೇತಿ. ಅವ್ವಗೂ ಸೇರೇತಿ." ಹಸಿ ಬಟ್ಟೆಯ ಸಂಗತಿ ನಾನು ಹೇಳಿಕೊಟ್ಟಿರಲಿಲ್ಲ. ಅವಳೇ ಕಂಡುಕೊಂಡದ್ದು. ಬಸ್ಸು ಬಂತು, ಮುಂದೆ ಮಾತಾಡಲಾಗಲಿಲ್ಲ.

ಮಕ್ಕಳು ಕುಡಿದಾಗ ಏನಂದರು ಎಂದು ಕೇಳಿದ್ದಿರಿ. ಇಷ್ಟು ಅಂದರು.

ಉಷ್ಣಮಾಪಕವನ್ನು ಬುಡ್ಡೇಸಾಬರ ಕೈಯಲ್ಲಿ ಕಳಿಸಿದ್ದೇನೆ.

ಹೀರಾಬಾಯಿ


ವಿಜಾಪುರ
೨೯ ಸೆಪ್ಟೆಂಬರ್ ೧೯೬೧

ಪ್ರಿಯ ಹೀರಾಬಾಯಿ,

ಉತ್ತರ ಬರೆದೆ, ಹರಿದೆ. ಮತ್ತೆ ಬರೆದೆ, ಅದನ್ನೂ ಹರಿದೆ. ಅದಕ್ಕೇ ಇಷ್ಟು ದಿನವಾಯಿತು.

ನಮ್ಮ ತರಬೇತಿ ಶಾಲೆಯಲ್ಲಿ ನಳವಿತ್ತು. ತಿರುವಿದರೆ ನೀರು. ಆ ನಳದ ಪಕ್ಕದಲ್ಲಿ ನಿಂತು ಎರಡು ವರ್ಷ ನಿನಗೆ ವಿಜ್ಞಾನ ಹೇಳಿಕೊಟ್ಟೆ. ನಳವಿಲ್ಲದ ಊರಿನಲ್ಲಿ ನಿನ್ನ ಪಾಡೇನು ಎಂಬುದು ನನ್ನ ತಲೆಗೆ ಬರಲೇ ಇಲ್ಲ. ನಿನ್ನ ಹಿಂದಿನ ಪತ್ರಗಳನ್ನೆಲ್ಲ ತೆಗೆದು ಮತ್ತೆ ಓದಿದೆ. ನೀನು ಎಲ್ಲವನ್ನೂ ಬರೆದೇ ಇದ್ದೆ. ಓದಲು ಬಾರದವಳು ನಾನು.

ಈಗ ಕೆಲಸದ ಮಾತು. ಹರವಿಯ ಪಾಠದಲ್ಲಿ ನಾನು ಬರೆದದ್ದು ಹೀಗಿದೆ: "ಶಾಲೆಯ ಹರವಿಯ ನೀರನ್ನು ಮಕ್ಕಳಿಗೆ ಕುಡಿಯಲು ಕೊಡಿರಿ." ಇದರಲ್ಲಿ ಹರವಿ ತುಂಬಿದವರು ಇಲ್ಲವೇ ಇಲ್ಲ. ನೀರು ತಾನೇ ಬಂದು ಕುಳಿತಂತಿದೆ. ನೀನು ಬರೆಯುವುದಾದರೆ ಹೇಗೆ ಬರೆಯುತ್ತಿ?

ಉಷ್ಣಮಾಪಕವನ್ನು ಮರಳಿ ಕಳಿಸುತ್ತಿದ್ದೇನೆ. ಅದು ನಿನ್ನದು.

ಆನಂದೀಬಾಯಿ


ಸಾರವಾಡ
೧೫ ಅಕ್ಟೋಬರ್ ೧೯೬೧

ಪೂಜ್ಯ ಬಾಯಿಯವರಿಗೆ ನಮಸ್ಕಾರಗಳು.

ನಾನಾದರೆ ಹೀಗೆ ಬರೆಯುತ್ತೇನೆ:

"ಪ್ರಯೋಗ ಮಾಡುವ ಶಿಕ್ಷಕರು ಎರಡೂ ಪಾತ್ರೆಗಳಿಗೆ ತಮ್ಮ ಕೈಯಿಂದಲೇ, ಊರಿನ ಬಾವಿಯ ನೀರನ್ನು ಸೇದಿ ತುಂಬಬೇಕು. ತರಗತಿಯ ಪ್ರತಿಯೊಂದು ಮಗುವೂ ಎರಡರ ನೀರನ್ನೂ ಕುಡಿದು ನೋಡಬೇಕು. ಯಾರೂ ಉಳಿಯಬಾರದು."

ಕೊನೆಯ ವಾಕ್ಯವನ್ನು ತೆಗೆಯೋಣ ಎಂದು ಸಮಿತಿಯವರು ಹೇಳಿಯಾರು. ತೆಗೆಯಲು ಬಿಡಬೇಡಿ. ಹಸಿ ಬಟ್ಟೆ ಸುತ್ತುವುದನ್ನೂ ಸೇರಿಸಿ, ಅದು ರೇಣವ್ವನ ಪ್ರಯೋಗ.

ಸಾರವಾಡದಲ್ಲೂ ಹರವಿ ಇದೆ. ಅದನ್ನು ತುಂಬುವವರಿದ್ದಾರೆ, ನನಗೆ ಮೇಲಿನಿಂದ ಹಾಕುವವರೂ ಇದ್ದಾರೆ. ಇಲ್ಲಿ ನಾನಿನ್ನೂ ಬೆಳಕಿನ ಪಾಠದಲ್ಲೇ ಇದ್ದೇನೆ. ಉಷ್ಣಕ್ಕೆ ಬರಲು ಧೈರ್ಯವಾಗಿಲ್ಲ. ನಿಮಗೆ ಸುಳ್ಳು ಬರೆಯುವುದಿಲ್ಲ.

ಹೀರಾಬಾಯಿ


ವಿಜಾಪುರ
೧೨ ಮೇ ೧೯೬೩

ಪ್ರಿಯ ಹೀರಾಬಾಯಿ,

ಪುಸ್ತಕ ಅಚ್ಚಿಗೆ ಹೋಯಿತು. ಕೊನೆಯ ಸಭೆಯ ಕಥೆ ನಿನಗೆ ಹೇಳಲೇಬೇಕು.

ಹರವಿಯ ಪಾಠಕ್ಕೆ ಬಂದಾಗ ಹಿರಿಯ ಸದಸ್ಯರೊಬ್ಬರು ಕನ್ನಡಕ ಏರಿಸಿದರು. "ಶಿಕ್ಷಕರ ಯಾಕ ತುಂಬಬೇಕ್ರಿ? ಸಾಲಿ ಸಿಪಾಯಿ ತುಂಬಿದ್ರ ನೀರು ತಂಪ ಆಗೂದಿಲ್ಲೇನು?"

ನಾನೆಂದೆ, "ಎರಡರಾಗೂ ನೀರಿನ ಮಟ್ಟ ಸಮ ಇರಬೇಕ್ರಿ. ಅದಕ್ಕ ಜವಾಬ್ದಾರಿ ಒಬ್ಬರದ ಇರಬೇಕು."

"ಊರ ಬಾವೀದ ಯಾಕ?"

"ಬ್ಯಾರೆ ಬ್ಯಾರೆ ಕಡೆಯಿಂದ ತಂದ್ರ ಮೊದಲಿನ ಉಷ್ಣತಾನ ಬ್ಯಾರೆ ಆಗತೈತ್ರಿ. ಹೋಲಿಕಿ ಹೆಂಗ ಮಾಡೂದು?"

"ಈ 'ಯಾರೂ ಉಳಿಯಬಾರದು' ಅನ್ನೂದು ಸ್ವಲ್ಪ ಹೆಚ್ಚಾತೇನೋ."

"ಒಂದ ನಾಲಿಗಿ ಸಾಕ್ಷಿ ವಿಜ್ಞಾನಕ್ಕ ಸಾಕಾಗೂದಿಲ್ರಿ."

ಅವರು ತಲೆಯಾಡಿಸಿ ಪುಟ ತಿರುವಿದರು. ನಾನು ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ, ಅದೇ ನನಗೆ ಇನ್ನೂ ನಗು ತರಿಸುತ್ತಿದೆ. ನಿನ್ನ ಮೂರು ವಾಕ್ಯಗಳೂ ಇದ್ದಹಾಗೇ ಇವೆ. ಹಸಿ ಬಟ್ಟೆಯೂ ಇದೆ.

ಮುನ್ನುಡಿಯಲ್ಲಿ, ಈ ಪ್ರಯೋಗಗಳನ್ನು ಮಾಡಿ ನೋಡಿದವರು ಎಂದು ನಿನ್ನ ಹೆಸರು ಬರೆದಿದ್ದೆ. ಅದನ್ನು ಉಳಿಸಿಕೊಳ್ಳಲು ನನ್ನಿಂದಾಗಲಿಲ್ಲ. ಆ ಬಗ್ಗೆ ಹೆಚ್ಚು ಬರೆಯುವುದಿಲ್ಲ.

ಆನಂದೀಬಾಯಿ


ಸಾರವಾಡ
೧೦ ಮಾರ್ಚ್ ೧೯೬೪

ಪ್ರಿಯ ಬಾಯಿಯವರಿಗೆ,

ಪುಸ್ತಕ ಕಳೆದ ಜೂನಿನಲ್ಲೇ ಶಾಲೆಗೆ ಬಂತು. ಮೊದಲ ಪುಟದಲ್ಲಿ ಸಮಿತಿಯವರ ಹೆಸರುಗಳಿವೆ. ಎರಡು ಸಲ ಓದಿದೆ, ನಿಮ್ಮ ಹೆಸರಿಲ್ಲ. ನನ್ನದನ್ನು ಹೊಡೆದದ್ದನ್ನು ಮಾತ್ರ ಬರೆದಿದ್ದಿರಿ. ನಿಮ್ಮದನ್ನು ನೀವೇ ತೆಗೆಸಿದ್ದನ್ನು ಬರೆಯಲಿಲ್ಲ. ನಿಮ್ಮ ಅಣ್ಣ ಗುರುರಾಜರು ಮೊನ್ನೆ ಸ್ಟೇಶನ್ನಿನಲ್ಲಿ ಅಪ್ಪನಿಗೆ ಸಿಕ್ಕಾಗ ಹೇಳಿದರಂತೆ. ನಾನು ಆ ಬಗ್ಗೆ ಏನು ಬರೆಯಲಿ? ಎದುರು ಸಿಕ್ಕಾಗ ಹೇಳುತ್ತೇನೆ.

ನಿನ್ನೆ ಉಷ್ಣದ ಪಾಠ ಬಂತು. ಇಲ್ಲಿಯ ಹೆಡ್‌ಮಾಸ್ತರರು ಪರಸಪ್ಪನವರು. ಅಚ್ಚಾದದ್ದರಲ್ಲಿ ಒಂದಕ್ಷರವನ್ನೂ ಮೀರುವವರಲ್ಲ. ಬೆಳಿಗ್ಗೆ ಪುಸ್ತಕ ತೆರೆದು ಹಿಡಿದುಕೊಂಡೇ ನನ್ನ ಕೋಣೆಗೆ ಬಂದರು.

"ಅಕ್ಕಾರ, ಇಲ್ಲೆ ನೋಡ್ರಿ. ನೀವ ಸೇದಿ ತುಂಬಬೇಕಂತ."

"ಹೌದ್ರಿ" ಅಂದೆ.

"ಊರ ಬಾವೀದು."

"ಹೌದ್ರಿ."

ಬೆವರು ಒರೆಸಿಕೊಂಡರು. "ಇನ್ಸ್‌ಪೆಕ್ಟರ್ ಸಾಹೇಬ್ರು ಇದ ಪುಸ್ತಕ ಹಿಡಕೊಂಡ ಕೇಳತಾರ. ನಡೀರಿ, ನಾನೂ ಬರ್ತೀನಿ."

ನಾನು ಹಿತ್ತಾಳೆ ಕೊಡ ಹೊತ್ತು ಮುಂದೆ, ಅವರು ಪುಸ್ತಕ ಹಿಡಿದು ಹಿಂದೆ. ಬಾವಿಯಲ್ಲಿದ್ದ ಹೆಂಗಸರು ಕೊಡ ಎತ್ತಿಕೊಂಡು ಸರಿದರು. ಒಬ್ಬಳು, "ಇದೇನ್ರಿ ಮಾಸ್ತರ?" ಎಂದಳು. ಪರಸಪ್ಪನವರು ಪುಸ್ತಕ ಎತ್ತಿ ಮೂರೂ ವಾಕ್ಯಗಳನ್ನು ಪಾಠದ ದನಿಯಲ್ಲಿ ಓದಿದರು, ಕೊನೆಗೆ "ಸರಕಾರದ್ದು" ಎಂದು ತಮ್ಮದೊಂದು ಮಾತು ಸೇರಿಸಿದರು. ನಾನು ಹಗ್ಗ ಇಳಿಬಿಟ್ಟೆ. ಎಲ್ಲರೂ ನೋಡುತ್ತಿರುವಂತೆ ಸೇದಿದೆ. ಮತ್ತೆ ಬಂದು, ಬಿಜ್ಜರಗಿಯಿಂದ ತಂದ ನನ್ನ ಹರವಿಗೂ ಒಯ್ದೆ.

ಮಧ್ಯಾಹ್ನದ ತನಕ ಎರಡನ್ನೂ ಗಾಳಿಗೆ ಇಟ್ಟೆವು. ಆಮೇಲೆ ಮಕ್ಕಳು ಒಬ್ಬೊಬ್ಬರಾಗಿ ಬಂದು ಕುಡಿದರು. ಮೊದಲು ಕೊಡದ್ದು, ಮುಖ ಸಿಂಡರಿಸುವುದು, ಆಮೇಲೆ ಹರವಿಯದು. ನಾಲ್ಕೈದು ಮಕ್ಕಳು ಹಿಂದೆ ಸರಿದು ನಿಂತರು. "ಯಾರೂ ಉಳಿಯಬಾರದು" ಎಂದು ಬರೆದವಳು ನಾನೇ ಆದರೂ ಅವರನ್ನು ಎಳೆದು ತರಲು ಮನಸ್ಸು ಬರಲಿಲ್ಲ. ಉಳಿದವರ ಬಾಯಿ ನೋಡುತ್ತ ನೋಡುತ್ತ ಅವರಲ್ಲೇ ಇಬ್ಬರು ಬಂದರು. ಕೊನೆಗೆ ಪರಸಪ್ಪನವರು, "ಪುಸ್ತಕದಾಗ ಮಾಸ್ತರ ಕುಡೀಬೇಕಂತಿಲ್ಲ" ಎಂದರು. ಹಾಗೆಂದವರೇ ತಂಬಿಗೆ ಅದ್ದಿ, ಗೋಡೆಯ ಕಡೆ ತಿರುಗಿ ಕುಡಿದರು.

ಸುದ್ದಿ ಊರಿನಲ್ಲಿ ಹಬ್ಬಿತು. ಮೊಮ್ಮಗಳನ್ನು ಕರೆದೊಯ್ಯಲು ಒಬ್ಬ ಅಜ್ಜ ಕೋಲು ಊರಿಕೊಂಡು ಬಂದು ಬಾಗಿಲಲ್ಲಿ ನಿಂತ. ಬಿಜ್ಜರಗಿ ನನ್ನ ಕಣ್ಣ ಮುಂದೆ ಬಂತು. ಮೊಮ್ಮಗಳು ಮಾತ್ರ ಅಂಜಲಿಲ್ಲ. "ಯಪ್ಪಾ, ಬರೇ ಬಿಸಿಗಾಳಿಗಿ ಇಟ್ಟಾರ, ಹೆಂಗ ತಂಪ ಆಗೇತಿ ಗೊತ್ತೇನ?" ಎಂದು ಆವಿ, ಶಾಖ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿದಳು. ಅಜ್ಜ ಅವಳನ್ನು ನೋಡಿದ, ನನ್ನನ್ನು ನೋಡಿದ. ಆಮೇಲೆ ಬೆವೆತು ನಿಂತ ಹರವಿಯನ್ನು ನೋಡಿದ.

"ಈ ಹರವಿ ಎಲ್ಲಿ ತಗೊಂಡ್ರಿ?" ಎಂದು ಕೇಳಿದ.

"ತಿಕೋಟಾ ಸಂತ್ಯಾಗ್ರಿ."

"ನಮ್ಮ ಮನೀದು ಇಷ್ಟ ಜಿನಗೂದಿಲ್ಲ" ಎಂದು, ಹೊಸ್ತಿಲ ಹೊರಗೆ ಕೋಲು ಅಡ್ಡ ಹಾಕಿ ಕುಳಿತುಕೊಂಡ. ನೀರು ಕುಡಿಯಲಿಲ್ಲ. ಮೊಮ್ಮಗಳನ್ನು ಕರೆದೊಯ್ಯಲೂ ಇಲ್ಲ. ಶಾಲೆ ಬಿಡುವತನಕ ಅಲ್ಲೇ ಕುಳಿತು ಪಾಠ ಕೇಳಿದ.

ಇವತ್ತು ಬೆಳಿಗ್ಗೆ ನಾನೇ ತುಂಬಿಟ್ಟ ಹರವಿ ಮಧ್ಯಾಹ್ನದೊಳಗೆ ಖಾಲಿಯಾಯಿತು. ಬೇರೆ ಇಯತ್ತೆಯ ಮಕ್ಕಳೂ ಬಂದು ಕುಡಿಯುತ್ತಿದ್ದಾರೆ. ಇದೊಂದು ಸಾಲುವುದಿಲ್ಲ. ಭಾನುವಾರ ಸಂತೆಗೆ ಹೋಗಿ ಇದಕ್ಕಿಂತ ದೊಡ್ಡದನ್ನು ತರಬೇಕು. ನೀವೂ ಬಂದರೆ ಆರಿಸಲು ಅನುಕೂಲ.

ಹೀರಾಬಾಯಿ